ಮೂರಂಕಣದ ಅಟ್ಟ

ಸಭೆಗೆ ಬರೆದ ಕೇಸಿನಲ್ಲಿ ಹೆಸರು ಬದಲಾಯಿಸಿದ್ದಳು. ಊರು ಬದಲಾಯಿಸಿದ್ದಳು. ವಯಸ್ಸು ಕಡಿಮೆ ಮಾಡಿ, ಗಂಡುಮಕ್ಕಳ ಜಾಗದಲ್ಲಿ ಒಬ್ಬ ಮಗಳನ್ನು ಇಟ್ಟಿದ್ದಳು. ಇಷ್ಟೆಲ್ಲ ಜಾಣತನ ಮಾಡಿದ ಸ್ಪಂದನ ಅಟ್ಟವನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಳು. ಓದಿದವರ ಬುದ್ಧಿ ಎಲ್ಲಿ ಕೈಕೊಡುತ್ತದೆಂದು ಮೊದಲೇ ಗೊತ್ತಾಗುವ ಹಾಗಿದ್ದರೆ ಇಷ್ಟೊಂದು ಪರೀಕ್ಷೆಗಳೇ ಬೇಕಿರಲಿಲ್ಲ.

ಸ್ಪಂದನ ತಿಪಟೂರಿನ ಹುಡುಗಿ, ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಅಭ್ಯಾಸಕ್ಕೆಂದು ಅವಳನ್ನು ಹೊನ್ನವಳ್ಳಿ ಕಡೆಯ ಒಂದು ಸಣ್ಣ ಕ್ಲಿನಿಕ್ಕಿಗೆ ಹಾಕಿದ್ದರು. ನಿದ್ದೆ ಬರುವುದಿಲ್ಲ ಎಂದು ಅಲ್ಲಿಗೆ ಬಂದವಳು ಹೊಂಬಾಳಮ್ಮ. ಎಷ್ಟೋ ಸಲ ಬರೀ ನಿದ್ದೆಯ ಮಾತನ್ನೇ ಆಡಿ, ಕೊನೆಗೊಮ್ಮೆ ಸೆರಗು ಸರಿಸಿ ಬೆನ್ನು ತೋರಿಸಿದ್ದಳು. ಗಂಡ ತಿಮ್ಮರಾಜು ಕೊಬ್ಬರಿ ವ್ಯಾಪಾರಿ, ಊರಲ್ಲಿ ಮರ್ಯಾದಸ್ಥ. ಕುಡಿದ ದಿನ ಮಾತ್ರ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಅಂಥ ದಿನ ಹೊಂಬಾಳಮ್ಮ ಸದ್ದಿಲ್ಲದೆ ಕಂಬಗಳ ನಡುವೆ ಮೂರು ಅಂಕಣ ಉದ್ದಕ್ಕೆ ಹಬ್ಬಿದ ತೋಟದ ಮನೆಯ ಅಟ್ಟ ಹತ್ತಿ, ತೆಂಗಿನಕಾಯಿ ರಾಶಿಯ ಹಿಂದೆ ಮಾಡಿಕೊಂಡಿದ್ದ ಸಂದಿಯಲ್ಲಿ ಮಲಗುತ್ತಿದ್ದಳು. ಅವನು ಅಕ್ಕಪಕ್ಕದ ಮನೆಗಳನ್ನೆಲ್ಲ ಹುಡುಕಿ, ಬೈದು ಬೈದು ಸುಸ್ತಾಗುತ್ತಿದ್ದ.

ನಮ್ಮ ಕಡೆ ಅಟ್ಟಕ್ಕೆ ಕಾಯಿ ತುಂಬಿದ ಮೇಲೆ, ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡಿಸಿದರೆ ಗುಡುಗುಡು ಅನ್ನುವವರೆಗೆ ಯಾರೂ ಕೈ ಹಾಕುವುದಿಲ್ಲ. ನಡುವೆ ಮುಟ್ಟಿದರೆ ಕೊಬ್ಬರಿ ಕೆಡುತ್ತದೆ ಎಂದು ತಿಮ್ಮರಾಜು ಏಣಿಯ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ಅವನ ಆ ಕಟ್ಟುನಿಟ್ಟೇ ಅವಳನ್ನು ಕಾಯುತ್ತಿತ್ತು.

ದೇಶದ ಮನಶ್ಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಸೇರಿ ಕಟ್ಟಿಕೊಂಡ ಒಂದು ಸಂಘವಿದೆ. ಅದು ಸ್ಟೈಪೆಂಡಿಗಾಗಿ ದೆಹಲಿಗೆ ಮನವಿ ಬರೆಯುತ್ತದೆ, ಉತ್ತರ ಬಾರದಿದ್ದರೆ ಮತ್ತೆ ಬರೆಯುತ್ತದೆ. ಗೈಡ್ ಸಿಗದೆ ಒದ್ದಾಡುವವರಿಗೆ ಹಿರಿಯ ವಿದ್ಯಾರ್ಥಿಗಳ ಫೋನ್ ನಂಬರ್ ಕೊಡುತ್ತದೆ. ತಿಂಗಳಿಗೊಮ್ಮೆ ಆನ್‌ಲೈನ್ ಸಭೆ ಸೇರಿಸಿ, ಒಬ್ಬರ ಕೇಸನ್ನು ಎಲ್ಲರೂ ಕೂತು ಚರ್ಚಿಸುತ್ತಾರೆ. ಈ ಸಲ ಸ್ಪಂದನಳ ಸರದಿ. ಕೇಸನ್ನು ಮೊದಲು ಗೈಡಿಗೆ ತೋರಿಸಬೇಕೆಂಬುದು ಸಂಘದ ನಿಯಮ. ಅವಳ ಗೈಡ್ ಪರ ಊರಿನಲ್ಲಿದ್ದರು, ತೋರಿಸಲಿಲ್ಲ. ತುಂಬಿದ ಮೂರಂಕಣದ ಅಟ್ಟ, ಅದರೊಳಗೆ ಉಸಿರು ಹಿಡಿದು ಮಲಗಿದ ಹೆಂಗಸು ಎಂದು ಸ್ಪಂದನ ಹೇಳಿದಾಗ ಅಸ್ಸಾಮಿನವರೂ ಕೇರಳದವರೂ ಕಿವಿಗೊಟ್ಟು ಕೇಳಿದರು. ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಆ ಸಭೆಯಲ್ಲಿ ಹುಳಿಯಾರಿನ ಹತ್ತಿರದ ಹಟ್ಟಿಯ ಚಿತ್ತೇಶ್ ಎಂಬ ಹುಡುಗನೂ ಇದ್ದ. ಮುಂದಿನ ವಾರ ಒಂದು ಬೆಳಿಗ್ಗೆ ಅವನ ಫೋನ್ ಬಂತು.

"ಅಕ್ಕ, ಒಂದು ತಪ್ಪಾಗೋಗೈತೆ," ಎಂದ. ಉಂಡು ಕೂತಾಗ ಮನೆಯಲ್ಲಿ, ಹೊನ್ನವಳ್ಳಿ ಕಡೆಯ ಕ್ಲಿನಿಕ್ಕಿನ ಅಕ್ಕ ಹೇಳಿದ್ದು ಎಂದು ಈ ಸಂಗತಿ ಹೇಳಿದ್ದನಂತೆ. ಅಲ್ಲಿದ್ದ ಅವನ ಮಾವ ಕ್ಯಾತಪ್ಪ ಕಾಯಿ ತುಂಬುವ ಕೆಲಸದವನು. "ಹೊನ್ನವಳ್ಳಿ ಕಡೆ ಮೂರಂಕಣದ ಅಟ್ಟ ಇನ್ನೂ ತುಂಬೋದು ತಿಮ್ಮರಾಜಣ್ಣ ಒಬ್ನೇಯ ಅಂತ ಮಾವ ನಕ್ಕಿದ್ರು ಅಕ್ಕ. ಸಂತೇಲೂ ಯಾರ ಹತ್ರನೋ ಅದ್ನೇ ತಮಾಷೆಗೆ ಅಂದು ಮರ್ತವ್ರೆ. ಈಗ ತಿಮ್ಮರಾಜಣ್ಣನೇ ಮಾವಂಗೆ ಫೋನ್ ಮಾಡಿ, ಇವತ್ತೇ ಬಂದು ಕಾಯಿ ಇಳಿಸ್ಬುಡಿ ಅಂದವ್ನೆ. ಇನ್ನೂ ನೀರೇ ಆರಿಲ್ಲ, ಈಗ್ಯಾಕೆ ಇಳಿಸ್ತಾನೆ ಅಂತ ಮಾವಂಗೆ ಅರ್ಥ ಆಗ್ಲಿಲ್ಲ. ನಂಗಾಯ್ತು."

ಸ್ಪಂದನಳಿಗೂ ಅರ್ಥವಾಯಿತು. ವರ್ಷದ ಕೊಬ್ಬರಿ ಹಾಳಾದರೂ ಸರಿ, ಆ ಸಂದಿ ಸಿಗಬೇಕು ಎನ್ನುವಷ್ಟು ಸಿಟ್ಟು ತಿಮ್ಮರಾಜುವಿಗೆ ಬಂದಿದೆ. ಹೊಂಬಾಳಮ್ಮನ ಫೋನ್ ಸ್ವಿಚ್ ಆಫ್. ಗೈಡ್ ಎತ್ತಲಿಲ್ಲ. ಡಿಗ್ರಿ ಹೋಗುತ್ತದೆ ಎಂಬ ಯೋಚನೆ ಮೊದಲು ಬಂತು, ಹೆಂಗಸು ಸಾಯುತ್ತಾಳೆ ಎಂಬುದು ಆಮೇಲೆ. ಆ ಕ್ರಮ ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಘದ ತುರ್ತು ನಂಬರಿಗೆ ಮಾಡಿದಳು. ಎತ್ತಿದವಳು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಗಿರಿಜಾಂಬಿಕಾ. ಸ್ಪಂದನ ಅಳುತ್ತಲೇ ಎಲ್ಲ ಹೇಳಿದಳು.

"ಅಳು ಆಮೇಲೆ. ಅವರು ಈಗ ಎಲ್ಲಿದ್ದಾರೆ?"

"ಮನೇಲೇ ಇರಬೇಕು ಅಕ್ಕ. ನನ್ನ ಡಿಗ್ರಿ..."

"ನಿನ್ನ ವಿಷಯ ನಾಳೆ ಮಾತಾಡೋಣ. ನಾವು ಯಾರೂ ಎಲ್ಲೂ ಹೋಗಲ್ಲ. ಒಬ್ಬಳೇ ಹೋಗಬೇಡ. ಆ ಊರಲ್ಲಿ ಯಾವ ಮನೆಗಾದ್ರೂ ಕೇಳದೆ ನುಗ್ಗೋವಂಥವರು ಯಾರಿದ್ದಾರೆ?"

"ಕೆಂಪಕ್ಕ. ಆಶಾ ಕಾರ್ಯಕರ್ತೆ."

"ಅವರನ್ನ ಕರ್ಕೊ. ಪೊಲೀಸಿಗೆ ನಾನು ಹೇಳ್ತೀನಿ. ಸಭೆಯ ರೆಕಾರ್ಡಿಂಗ್ ಈಗಲೇ ತೆಗೆಸ್ತೀನಿ. ತುಮಕೂರಿನ ಸಖಿ ಕೇಂದ್ರದಲ್ಲಿ ಅವರಿಗೆ ಉಳಿಯೋಕೆ ಜಾಗ ಕೇಳ್ತೀನಿ. ಇನ್ನೊಂದು, ಸ್ಪಂದನ. ಗಂಡನಿಗೆ ಯಾರಿಂದ ಗೊತ್ತಾಯ್ತು ಅಂತ ಅವರಿಗೆ ನೀನೇ ಹೇಳಬೇಕು. ಅದೊಂದನ್ನ ಸಂಘ ನಿನ್ನ ಬದಲು ಮಾಡಕ್ಕಾಗಲ್ಲ."

ಕೆಂಪಕ್ಕ ಬಿ.ಪಿ. ನೋಡುವ ಚೀಲ ಹೆಗಲಿಗೆ ಹಾಕಿಕೊಂಡು ಆಟೊ ಹತ್ತಿದಳು. ಹೆಚ್ಚೇನೂ ಕೇಳಲಿಲ್ಲ. ತೋಟದ ಗೇಟಿನಲ್ಲೇ ಕಾಯಿ ಬೀಳುವ ಸದ್ದು ಕೇಳಿಸಿತು.

ಅಟ್ಟದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಿಮ್ಮರಾಜು ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರಟು, ಕುಡಿದಿರಲಿಲ್ಲ. ಪಕ್ಕದಲ್ಲಿ ಹೊಂಬಾಳಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು. ನಿಲ್ಲು ಅಂದಿದ್ದಕ್ಕೆ ನಿಂತವಳು ಅನ್ನುವುದು ನೋಡಿದರೇ ತಿಳಿಯುತ್ತಿತ್ತು.

"ಬನ್ನಿ ಕ್ಲಿನಿಕ್ ಮೇಡಂ," ಎಂದ ತಿಮ್ಮರಾಜು. "ನಿಮ್ಮನ್ನೇ ನೆನೆಸ್ಕೊತಿದ್ದೆ."

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸ್ಪಂದನ ಆ ದಿನ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅದಕ್ಕೇ.

ಮೇಲೆ ಕಾಯಿ ಎಸೆಯುತ್ತಿದ್ದ ಕ್ಯಾತಪ್ಪನ ಕೈ ಇದ್ದಕ್ಕಿದ್ದಂತೆ ನಿಂತಿತು. "ಅಣ್ಣ, ಇಲ್ಲಿ..." ಎಂದು ಅಟ್ಟದಿಂದ ಬಗ್ಗಿ ನೋಡಿದ.

"ಕೆಳಗಾಕು ಕ್ಯಾತಪ್ಪ. ಎಲ್ಲಾರೂ ನೋಡ್ಲಿ."

ಕೌದಿಯೊಂದು ಬಿತ್ತು. ಆಮೇಲೆ ದಿಂಬು, ನೀರಿನ ಬಾಟಲಿ, ಇಲಿಗಳನ್ನು ಓಡಿಸಲು ಇಟ್ಟುಕೊಂಡಿದ್ದ ಒಂದು ಕೋಲು. ಕಾಯಿ ಆರಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು.

ಕೆಂಪಕ್ಕ ನೇರ ಹೋಗಿ ಹೊಂಬಾಳಮ್ಮನ ಕೈಯ ತಟ್ಟೆ ಇಸಿದುಕೊಂಡು ಕೆಳಗಿಟ್ಟು, ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ನೋಡಿದಳೋ ಇಲ್ಲವೋ, "ಜಾಸ್ತಿ ಐತೆ ಕಣ್ರೀ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು," ಎಂದಳು. ಅಷ್ಟರಲ್ಲಿ ಗೇಟಿನ ಹತ್ತಿರ ಪೊಲೀಸ್ ಜೀಪು ಬಂದು ನಿಂತಿತು. ತಿಮ್ಮರಾಜು ಜೀಪು ನೋಡಿದ, ಕೆಲಸದವರನ್ನು ನೋಡಿದ.

"ಕರ್ಕೊಂಡೋಗಿ," ಎಂದ. "ವಾಪಸ್ ಬಂದೇ ಬತ್ತಾಳಲ್ಲ."

ಆಟೊ ತಿಪಟೂರಿನ ದಾರಿ ಹಿಡಿಯಿತು. ಜೀಪಿನವರು ಅಲ್ಲೇ ಉಳಿದು ತಿಮ್ಮರಾಜುವಿನ ಹತ್ತಿರ ಮಾತಾಡುತ್ತಿದ್ದರು. ಹೊಂಬಾಳಮ್ಮ ಇಬ್ಬರ ನಡುವೆ ಕೂತಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ತಿಪಟೂರಿನಿಂದ ಮುಂದೆ ತುಮಕೂರಿನ ಸಖಿ ಕೇಂದ್ರಕ್ಕೆ ಹೋಗುವುದು, ಅಲ್ಲಿ ಉಳಿಯಬಹುದು ಎಂದು ಸ್ಪಂದನ ಹೇಳಿದಳು. ಬಹಳ ದೂರ ಬಂದ ಮೇಲೆ ಹೊಂಬಾಳಮ್ಮ ಅವಳ ಕೈ ಹಿಡಿದುಕೊಂಡಳು.

"ಯಾರು ಹೇಳಿದ್ರೋ ಕಾಣೆ ಕಣವ್ವ. ನಿಂಗೆ ಬುಟ್ರೆ ನಾನು ಯಾರ್ಗೂ ಬಾಯಿ ಬುಟ್ಟಿರ್ಲಿಲ್ಲ. ದೇವ್ರಂಗೆ ಬಂದೆ ನೀನು."

ಈಗ ಸುಮ್ಮನಿದ್ದುಬಿಡಬಹುದು ಎಂದು ಸ್ಪಂದನಳಿಗೆ ಅನಿಸಿತು. ಚಿತ್ತೇಶ್ ಹೇಳುವುದಿಲ್ಲ, ಸಂಘದವರು ಹೇಳುವುದಿಲ್ಲ. ಈ ಕೈ ಹೀಗೇ ಇರುತ್ತದೆ.

"ನಾನೇ ಹೇಳಿದ್ದು ಅಮ್ಮ," ಎಂದಳು. "ಓದೋರ ಸಭೆಲಿ. ನಿಮ್ಮ ಹೆಸರು ಹೇಳ್ಲಿಲ್ಲ, ಊರು ಹೇಳ್ಲಿಲ್ಲ. ಅಟ್ಟದ ವಿಷಯ ಹೇಳ್ದೆ. ಅದು ಊರಿಗೆ ಬಂದುಬಿಡ್ತು. ತಪ್ಪು ನಂದೇ."

ಕೆಂಪಕ್ಕ ಮುಖ ಆಚೆ ತಿರುಗಿಸಿದಳು. ಹೊಂಬಾಳಮ್ಮ ಕೈ ಕೊಸರಲಿಲ್ಲ. ನಿಧಾನವಾಗಿ ಬಿಟ್ಟು, ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಬೋ ಜನ ಇದ್ರಾ ಸಭೆಲಿ?"

"ಇದ್ರು ಅಮ್ಮ."

"ತುಮಕೂರಿಗೆ ಹೋಯ್ತೀವಿ ಅಂದ್ಯಲ್ಲ, ಆ ಜಾಗ ಎಷ್ಟು ಜನಕ್ಕೆ ಗೊತ್ತು?"

ಸ್ಪಂದನ ಮನಸ್ಸಿನಲ್ಲೇ ಎಣಿಸಿದಳು: ಗಿರಿಜಾಂಬಿಕಾ, ಕೆಂಪಕ್ಕ, ಆಟೊದವನು. ಹೊಂಬಾಳಮ್ಮ ಹಿಂದಕ್ಕೆ ಹೊರಳಿ ಆಟೊದ ಕಿಂಡಿಯಲ್ಲಿ ಬಿಟ್ಟು ಬಂದ ರಸ್ತೆ ನೋಡುತ್ತ ಕೂತಳು. ತಿಪಟೂರು ಬರುವವರೆಗೂ ಈ ಕಡೆ ತಿರುಗಲಿಲ್ಲ.