ಬೀಳದವನ ಮೂಲೆಯಲ್ಲಿ

ಬಾಕ್ಸಿಂಗ್ ನೋಡಲು ಬರುವ ಜನ ಅವನನ್ನು ಗೋಡೆ ಎಂದೇ ಕರೆಯುತ್ತಿದ್ದರು. ಅವನ ಹೊಡೆತದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಕಾಲಿನಲ್ಲಿ ಚುರುಕೂ ಇರಲಿಲ್ಲ. ಆದರೆ ಎಷ್ಟು ಹೊಡೆದರೂ ಆಸಾಮಿ ಬೀಳುತ್ತಿರಲಿಲ್ಲ. ಎದುರಾಳಿ ಮುಖ ಮೂತಿ ನೋಡದೆ ಬಾರಿಸಿ ಬಾರಿಸಿ, ಕೊನೆಗೆ ಕೈ ಎತ್ತಲಾರದೆ ಏದುಸಿರು ಬಿಡುವ ಹೊತ್ತಿಗೆ ಗೋಡೆ ನಿಧಾನಕ್ಕೆ ತನ್ನ ಕೆಲಸ ಶುರು ಮಾಡುತ್ತಿದ್ದ. ಅವನು ಗೆದ್ದದ್ದೆಲ್ಲ ಹಾಗೆಯೇ.

ರಿಂಗಿನ ಮೂಲೆಯಲ್ಲಿ ಸ್ಟೂಲು, ಬಕೆಟ್ಟು, ನೀರಿನ ಬಾಟಲಿ ಇಟ್ಟುಕೊಂಡು ಕಾಯುತ್ತಿದ್ದವನು ಅವನ ಬಾಮೈದ. ಸ್ವಂತದ್ದೊಂದು ಸಲೂನ್ ಇತ್ತು. ಕ್ಷೌರದ ಕತ್ತಿ ಹಿಡಿದು ಪಳಗಿದ ಕೈ; ಹುಬ್ಬು ಒಡೆದರೆ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು, ಊದಿದ ಕಣ್ಣಿಗೆ ಐಸ್ ಇಡುವುದು, ವ್ಯಾಸಲಿನ್ ಸವರಿ ಮತ್ತೆ ಎಬ್ಬಿಸಿ ಕಳಿಸುವುದು ಎಲ್ಲ ಅವನದೇ. ಬಾವನ ಮುಖದಲ್ಲಿ ಎಲ್ಲೆಲ್ಲಿ ಚರ್ಮ ತೆಳುವಾಗಿದೆ ಎಂಬುದು ಅವನಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಿತ್ತು. ಗೋಡೆಯ ಬಾಮೈದ ಎಂದು ಜನ ಗುರುತಿಸಿದರೆ ಒಳಗೊಳಗೇ ಹಿಗ್ಗುತ್ತಲೂ ಇದ್ದ.

ಬೀದಿಯಲ್ಲಿ ಪಡ್ಡೆ ಹುಡುಗರು ಅಡ್ಡ ಹಾಕಿ, "ಅಣ್ಣಾ, ಹೊಟ್ಟೆಗೆ ಒಂದೇ ಒಂದು ಗುದ್ಲಾ?" ಎಂದು ಕೇಳುತ್ತಿದ್ದರು. ಗೋಡೆ ಕೈಚೀಲ ಕೆಳಗಿಟ್ಟು, "ಬೇಗ ಗುದ್ದು, ಮನೇಲಿ ಕಾಯ್ತಾ ಇರ್ತಾಳೆ," ಎನ್ನುತ್ತಿದ್ದ. ಗುದ್ದಿದವನೇ ಮಣಿಕಟ್ಟು ಹಿಡಿದುಕೊಂಡು ಕುಣಿಯುತ್ತಿದ್ದ. ಎಲ್ಲರೂ ನಗುತ್ತಿದ್ದರು, ಗೋಡೆಯೂ.

ನಗದೆ ಇದ್ದವಳು ಅವನ ಹೆಂಡತಿ, ಬಾಮೈದನ ಅಕ್ಕ, ಒಬ್ಬಳೇ. ಒಂದು ದಿನ ಗಿರಾಕಿ ಇಲ್ಲದ ಹೊತ್ತು ನೋಡಿ ಸಲೂನಿಗೆ ಬಂದಳು. ಕೂರಲಿಲ್ಲ.

"ಬೆಳಿಗ್ಗೆ ಹಾಲು ತರೋಕೆ ಅಂತ ಹೋದವರು ಮಧ್ಯಾಹ್ನ ಬಂದ್ರು ಕಣೋ. ಎಲ್ಲಿಗೆ ಹೋಗಿದ್ರಿ ಅಂದ್ರೆ, ಹಳೇ ಮನೆ ಬಾಗಿಲು ತಟ್ತಾ ನಿಂತಿದ್ದೆ, ನೀನ್ಯಾಕೆ ತೆಗೀಲಿಲ್ಲ ಅಂತ ನನ್ನನ್ನೇ ಕೇಳ್ತಾರೆ. ನಾವು ಆ ಮನೆ ಬಿಟ್ಟು ಯಾವ ಕಾಲ ಆಯ್ತು?"

"ಡಾಕ್ಟರಿಗೆ ತೋರಿಸೋಣ ಅಕ್ಕ."

"ಹೇಳಿ ಹೇಳಿ ನಂಗೆ ಬಾಯಿ ನೋವು ಬಂತು. ತಲೆನೋವಿಗೆಲ್ಲ ಡಾಕ್ಟರಾ ಅಂತಾರೆ." ಅವಳು ದನಿ ತಗ್ಗಿಸಿದಳು. "ಟವೆಲ್ ನಿನ್ನ ಕೈಲೇ ಇರತ್ತಲ್ಲ?"

ಅವನಿಗೆ ಅರ್ಥವಾಯಿತು. ಮೂಲೆಯವರು ರಿಂಗಿನೊಳಗೆ ಟವೆಲ್ ಎಸೆದರೆ ಸೋಲೊಪ್ಪಿಕೊಂಡಂತೆ; ಆಟ ಅಲ್ಲಿಗೇ ಮುಗಿಯಿತು.

"ಎಸೆದ್ರೆ ಬಾವ ನನ್ನ ಜೀವ ತೆಗೀತಾರೆ."

"ನಿನ್ನ ಕಾಲು ಗಟ್ಟಿಯಾಗಿದೆ, ಓಡ್ತೀಯ ಬಿಡು," ಎಂದಳು ಅಕ್ಕ. ಸೆರಗಿನಿಂದ ಮೂಗೊರೆಸಿಕೊಂಡು ಹೊರಟುಹೋದಳು.

ಮುಂದಿನ ಆಟಕ್ಕೆ ಸಿಕ್ಕಿದವನು ಹೊಸಬ, ಪ್ರಾಯದವನು. ಕುದುರೆಯಂಥ ಮೈ. ಮೊದಲ ಸುತ್ತಿನಿಂದಲೇ ಗೋಡೆಯನ್ನು ಹಗ್ಗಕ್ಕೆ ಒತ್ತಿ ಹಿಗ್ಗಾಮುಗ್ಗಾ ಬಾರಿಸಿದ. ಕಪಾಳದ ಮೇಲೆ, ಕಿವಿಯ ಹಿಂದೆ, ಪಕ್ಕೆಗೆ. ಒದ್ದೆ ಬಟ್ಟೆ ಕಲ್ಲಿಗೆ ಒಗೆದಂಥ ಸದ್ದು. ಜನ "ಗೋಡೆ! ಗೋಡೆ!" ಎಂದು ಕೂಗುತ್ತಿದ್ದರು. ಅವರು ಬಂದದ್ದೇ ಅದನ್ನು ನೋಡಲು. ಸುತ್ತು ಕಳೆದಂತೆ ಹೊಸಬನ ಕೈ ಭಾರವಾಯಿತು, ಬಾಯಿ ತೆರೆಯಿತು. ಇನ್ನೇನು, ಎಂದಿನಂತೆ ಆಟ ತಿರುಗುವ ಹೊತ್ತು.

ಗಂಟೆ ಹೊಡೆದಾಗ ಗೋಡೆ ತಾನಾಗಿಯೇ ಬಂದು ಸ್ಟೂಲಿನ ಮೇಲೆ ಕೂತ. ಬಾಮೈದ ಹುಬ್ಬಿನ ಗಾಯ ಒತ್ತುತ್ತಾ, "ಸುಸ್ತಾಗಿದ್ದಾನೆ ಬಾವ, ಇನ್ನು ನಿಮ್ದೇ," ಎಂದ.

ಬಾವ ಅವನನ್ನೇ ನೋಡಿದ. ಊದಿಕೊಂಡ ಕಣ್ಣಿನೊಳಗೆ ಏನೋ ಚಿಕ್ಕದಾಗಿ ಮುದುಡಿತ್ತು.

"ಅಪ್ಪಾ," ಎಂದ. "ಬಿದ್ದಿಲ್ಲ ನೋಡು. ನಿಂತೇ ಇದ್ದೀನಿ."

ಬಾಮೈದನ ಕೈ ಗಾಯದ ಮೇಲೆಯೇ ನಿಂತುಬಿಟ್ಟಿತು. "ಬಾವ, ನಾನು. ನಾನು ಬಾವ."

"ನಿಂತೇ ಇದ್ದೀನಪ್ಪಾ."

ಮತ್ತೆ ಗಂಟೆ ಹೊಡೆಯಿತು. ಗೋಡೆ ಎದ್ದು ನಡೆದ. ಈ ಬಾರಿ ಅವನೇ ಮುನ್ನುಗ್ಗಿದ. ಅವನ ಬಲಗೈ ತಗುಲಿ ಹೊಸಬ ತತ್ತರಿಸಿದ. ಇಡೀ ಸಭಾಂಗಣ ಎದ್ದು ನಿಂತಿತು. ಆಟ ಏರ್ಪಡಿಸಿದ ಯಜಮಾನ ಮುಂದಿನ ಸಾಲಿನಲ್ಲಿ ಕುರ್ಚಿ ಹತ್ತಿ ಕುಣಿಯುತ್ತಿದ್ದ. ಹೊಸಬ ಸಾವರಿಸಿಕೊಂಡು ತಿರುಗಿ ಕೈ ಬೀಸಿದ. ಏಟು ಕಿವಿಯ ಮೇಲೆ ಬಿತ್ತು. ಗೋಡೆ ಕಾಲು ಅಗಲಿಸಿ ನಿಂತ, ಅಷ್ಟೇ. ಬಾಮೈದ ನೋಡುತ್ತಿದ್ದುದು ಅವನ ಬಾಯಿಯನ್ನು. ಅದು ಏನನ್ನೋ ಹೇಳುತ್ತಲೇ ಇತ್ತು, ಒಂದೇ ಮಾತನ್ನು ಮತ್ತೆ ಮತ್ತೆ.

ಅವನು ಟವೆಲ್ ಎಸೆದ.

ರೆಫರಿ ಇಬ್ಬರ ನಡುವೆ ಬಂದು ಕೈ ಬೀಸಿದ. ಆಮೇಲೆ ಬಾಟಲಿಗಳು ಹಾರಿಬಂದವು. "ಯಾವನಿಗೆ ಮಾರ್ಕೊಂಡ್ಯೋ!" ಎಂದು ಯಾರೋ ಬಾಮೈದನ ಕೊರಳಪಟ್ಟಿ ಹಿಡಿದರು. ಗೋಡೆ ನೆಲದ ಮೇಲಿನ ಟವೆಲನ್ನು ತುಂಬಾ ಹೊತ್ತು ನೋಡಿದ. ಆಮೇಲೆ ತಾನೇ ಬಾಗಿ ಎತ್ತಿಕೊಂಡ, ಮಡಿಸಿದ, ಬಾಮೈದನ ಎದೆಗೆ ಒತ್ತಿ ರಿಂಗ್ ಇಳಿದು ಹೋದ.

ಅಂದಿನಿಂದ ಬಾಮೈದನ ಜೊತೆ ಮಾತು ಬಿಟ್ಟ. ಅಕ್ಕನ ಮನೆಗೆ ಹೋದರೆ ಬಾವ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅಕ್ಕ ತಟ್ಟೆ ಇಡುತ್ತಾ, "ನೀನು ಮಾಡಿದ್ದು ಸರಿ ಕಣೋ," ಎನ್ನುತ್ತಿದ್ದಳು, ಒಳಗೆ ಕೇಳಿಸದ ಹಾಗೆ. ಕೊನೆಗೂ ಡಾಕ್ಟರಿಗೆ ತೋರಿಸಿದ್ದಾಯಿತು. ಮೆದುಳಿಗೆ ಏಟಾಗಿದೆ, ಆದದ್ದು ಒಂದೆರಡು ದಿನದ್ದಲ್ಲ, ವಾಸಿಯಾಗುವುದೂ ಅಲ್ಲ ಎಂದರು. ಇನ್ನು ರಿಂಗಿನ ಮಾತೇ ಎತ್ತಕೂಡದು ಎಂದರು. ಟವೆಲ್ ಎಸೆದದ್ದರಿಂದ ಏನುಳಿಯಿತು, ಏನುಳಿಯಲಿಲ್ಲ ಎಂದು ಬಾಮೈದ ಅವರನ್ನು ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ.

ಬಾವನ ಮಾತು ತೊದಲತೊಡಗಿತು. ಕೈ ನಡುಗಿ ಲೋಟದ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಗಡ್ಡ ಹೆರೆದುಕೊಳ್ಳಲು ಹೋಗಿ ಗಲ್ಲ ಕುಯ್ದುಕೊಂಡ ಮೇಲೆ ಅಕ್ಕ ಕತ್ತಿಯನ್ನು ಬಚ್ಚಿಟ್ಟಳು. ಬೇರೆ ದಾರಿ ಇರಲಿಲ್ಲವೋ, ಅಥವಾ ಅಷ್ಟು ದಿನ ನೆವಕ್ಕೇ ಕಾದಿದ್ದನೋ, ಒಂದು ಮಧ್ಯಾಹ್ನ ಗೋಡೆ ಸಲೂನಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಕುರ್ಚಿಯಲ್ಲಿ ಕೂತ. ಬಾಮೈದ ಕೊರಳಿಗೆ ಬಟ್ಟೆ ಕಟ್ಟಿ, ನೊರೆ ಹಚ್ಚಿ, ಮಾತಿಲ್ಲದೆ ಕ್ಷೌರ ಮಾಡಿದ.

ಮುಖ ಒರೆಸುವಾಗ ಬಾವ ಕನ್ನಡಿಯಲ್ಲೇ ನೋಡುತ್ತಾ ಹೇಳಿದ, "ಗೆಲ್ಲೋ ಆಟ ಅದು."

"ಹೌದು ಬಾವ."

"ಮತ್ಯಾಕೋ?"

ಇಷ್ಟು ದಿನ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ. "ಮೂಲೇಲಿ ಕೂತಾಗ ನೀವು ನನ್ನನ್ನ ಅಪ್ಪಾ ಅಂದ್ರಿ. ಬಿದ್ದಿಲ್ಲ ನೋಡು, ನಿಂತೇ ಇದ್ದೀನಿ ಅಂದ್ರಿ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು.

"ಹಂಗಂದ್ನಾ."

"ಹೂಂ."

"ಬೀಳೋ ಹಂಗಿರಲಿಲ್ಲ," ಎಂದ ಬಾವ. ತುಟಿ ಸರಿಯಾಗಿ ಕೂಡದೆ ಪ್ರತಿ ಮಾತೂ ಜಾರುತ್ತಿತ್ತು. "ನಿಂತಿರೋ ತನಕ ಅಪ್ಪ ಕೈಯಲ್ಲೇ ಹೊಡೀತಿದ್ದ. ಬಿದ್ರೆ ಕಾಲಲ್ಲಿ. ಕಾಲಿಂದು ತಡ್ಕೊಳೋಕಾಗ್ತಿರಲಿಲ್ಲ. ಅದಕ್ಕೆ ನಿಲ್ಲೋದು ಕಲ್ತೆ." ಸ್ವಲ್ಪ ಬಿಟ್ಟು, "ನಿಮ್ಮಕ್ಕಂಗೆ ಹೇಳಬೇಡ," ಎಂದ.

"ಹೇಳಲ್ಲ ಬಾವ."

"ತಲೆಗೂದಲೂ ಬೆಳೆದಿದೆ. ಅದನ್ನೂ ತೆಗೆದುಬಿಡು."

ಬಾಮೈದ ಕತ್ತರಿ ಎತ್ತಿಕೊಂಡು ಬಾವನ ಕಿವಿಯ ಹತ್ತಿರ ಕೈ ತಂದ. ಗೋಡೆಯ ಹೆಗಲು ತಟ್ಟನೆ ಮೇಲಕ್ಕೆ ಸೆಳೆದುಕೊಂಡಿತು, ಕಣ್ಣುಗಳು ಬಿಗಿಯಾಗಿ ಮುಚ್ಚಿಕೊಂಡವು. ರಿಂಗಿನಲ್ಲಿ ಎಂಥ ಏಟು ಬಂದರೂ ರೆಪ್ಪೆ ಬಡಿಯದಿದ್ದ ಮನುಷ್ಯ. ಬಾಮೈದ ಕೈಯನ್ನು ಅಲ್ಲೇ ಗಾಳಿಯಲ್ಲಿ ಹಿಡಿದು, ಆ ಹೆಗಲು ಇಳಿಯಲಿ ಎಂದು ಕಾದ. ಬಾಗಿಲಲ್ಲಿ ಒಬ್ಬ ಗಿರಾಕಿ ಇಣುಕಿದ. ಆಮೇಲೆ ಬನ್ನಿ ಎಂದು ಬಾಮೈದ ಇನ್ನೊಂದು ಕೈಯಲ್ಲಿ ಸನ್ನೆ ಮಾಡಿ ಅವನನ್ನು ಕಳಿಸಿದ.

ಹೆಗಲು ಬೇಗ ಇಳಿಯಲಿಲ್ಲ.