ಕಾಕಾನ ಚಪ್ಪಲಿ ಮೇಲೇರಿದ ಮಧ್ಯಾಹ್ನ

ಹೋಯಿತು, ಮಡಿವಾಳಯ್ಯ ಕಾಕಾನ ಎಡಗಾಲಿನ ಚಪ್ಪಲಿ ಮೇಲಕ್ಕೆ ಹೋಯಿತು, ಅಟ್ಟೆ ತೋರಿಸುತ್ತ, ಗರಗರ ತಿರುಗುತ್ತ — ಥೂ ಥೂ, ದೆವ್ವಿನ ಗಾಳಿ, ಹೋಗ್ ಅತ್ತಾಗ ಎಂದು ಉಗುಳಿ ಎಸೆದದ್ದು, ನಮ್ಮ ದಂಡೋತಿಯಲ್ಲಿ ಧೂಳು ಸುತ್ತಿಕೊಂಡು ಬಂದರೆ ಎಲ್ಲರೂ ಹೀಗೇ ಎಸೆಯುತ್ತಾರೆ, ದೆವ್ವ ಹೆದರುತ್ತದೆ, ಚಪ್ಪಲಿ ಬೀಳುತ್ತದೆ, ಮೆಟ್ಟಿಕೊಂಡು ಒಳಗೆ ಬರುತ್ತಾರೆ, ಆದರೆ ಇದು ಬೀಳುತ್ತಿಲ್ಲ, ಯಾಕೆ ಬೀಳುತ್ತಿಲ್ಲ, ಧೂಳಿನ ಹಿಂದೆ ಕಪ್ಪು ಮೋಡ, ಮೋಡದಿಂದ ಇಳಿದ ಸೊಂಡಿಲು, ಕಾಗಿಣಾ ಹೊಳೆ ದಾಟಿ ಇತ್ತಲೇ — ಇದು ಧೂಳಲ್ಲ, ಇದು ಅದೇ, ಸುಂಟರಗಾಳಿ, ಭೂಗೋಳದ ಎಂ.ಎ. ಸೆಮಿನಾರಿನಲ್ಲಿ ನಾನು ಪರದೆಯ ಮೇಲೆ ತೋರಿಸಿದ್ದು, ನೂರು ವರ್ಷದ ಹಿಂದೆ ಒಂದು ಮಾರ್ಚಿನಲ್ಲಿ ಅಮೆರಿಕದ ಮೂರು ರಾಜ್ಯಗಳನ್ನು ಒಂದೇ ಓಟಕ್ಕೆ ದಾಟಿದ್ದು, ಬರೀ ಮೋಡವೆಂದುಕೊಂಡು ಜನ ನೋಡುತ್ತ ನಿಂತಿದ್ದರಂತೆ, ಎಪ್ಪತ್ತೆಂಟರಲ್ಲಿ ದಿಲ್ಲಿ, ಎಂಬತ್ತೊಂಬತ್ತರ ಏಪ್ರಿಲಿನಲ್ಲಿ ಬಾಂಗ್ಲಾದೇಶದ ದೌಲತಪುರ, ಒಂದೇ ಗಾಳಿಗೆ ದೌಲತ್ತೆಲ್ಲ ಇಳೀತು ಎಂದು ಚಟಾಕಿ ಹಾರಿಸಿ, ಸತ್ತವರು ಸುಮಾರು ಸಾವಿರದ ಮುನ್ನೂರು ಎಂಬ ಮುಂದಿನ ಸಾಲನ್ನು ತಲೆ ತಗ್ಗಿಸಿ ಓದಿದ್ದು, ಡಿಸೆಂಬರಿನ ಚಳಿಯಲ್ಲೂ ಕೆಂಟಕಿಯಲ್ಲಿ ಎದ್ದಿತ್ತು, ಇದಕ್ಕೆ ಋತು ಗಿತು ಇಲ್ಲ, ನಮ್ಮ ಕಡಿ ಇವೆಲ್ಲ ಬರಂಗಿಲ್ಲ ತಗೋವಾ ಎಂದು ಸರ್ ಆಕಳಿಸಿದ್ದರು, ಬಂತಲ್ಲ ಸರ್, ನಮ್ಮ ಅಕ್ಕನ ಮದುವೆಗೇ ಬಂತು, ಸುಂಟರಗಾಳಿಯಲ್ಲ, ಕರೆಯದೇ ಬಂದ ನೆಂಟರಗಾಳಿ.

ಪೆಂಡಾಲೆಂದರೆ ಪತ್ರಾ, ಕಂಬಕ್ಕೆ ಬಿಗಿದ ತಗಡುಗಳು, ಹಾರದಿರಲಿ ಎಂದು ಅವುಗಳ ಮೇಲೆ ಹೇರಿದ ಶಹಾಬಾದಿನ ಕಲ್ಲುಗಳು, ಕಲ್ಲುಗಳ ಕೆಳಗೆ ಸೇಡಂ, ವಾಡಿ, ಚಿಂಚೋಳಿಯಿಂದ ಬಂದ ಬೀಗರೆಲ್ಲ ಹುಗ್ಗಿಗೆ ತುಪ್ಪ ಕಾಯುತ್ತ, ನಡುವೆ ಬಾಸಿಂಗ ಕಟ್ಟಿಕೊಂಡ ಅಕ್ಕ — ಓಡ್ರಿ, ಕಲ್ಲಿನ ಮನ್ಯಾಗ ಓಡ್ರಿ, ಸುಂಟರಗಾಳಿ ಬರ್ಲಿಕತ್ತದ, ಇದು ನನ್ನ ಧ್ವನಿ, ಇಷ್ಟೇ ಸಣ್ಣದು, ಯಾರೂ ಏಳಲಿಲ್ಲ, ಭಾಗ್ಯಶ್ರೀ ಮತ್ತ ಚಾಲೂ ಮಾಡಿದ್ಲು ನೋಡ್ರಿ ಎಂದು ಬೀಗರ ಸೂರ್ಯಕಾಂತ ಮಾವ ಹೊಟ್ಟೆ ಹಿಡಿದು ನಕ್ಕರು, ಮುಂಜಾನೆ ಸುಂಯ್ಯೆಂದು ಸುಂಟರಗಾಳಿಯ ಅಣಕು ಧ್ವನಿ ಊದಿ ಅವರನ್ನು ನಗಿಸಿದವಳು ನಾನೇ ಅಲ್ಲವೇ, ಹೆಣ್ಣ್ ಹುಡುಗಿ ಗಂಡಸರ ಧ್ವನಿ ತೆಗೀಬಾರ್ದವಾ, ಮುಂದ ನಿನಗ ಯಾರ್ ಮಾಡ್ಕೋತಾರ, ಅವ್ವ ದಿನಾ ಅನ್ನುತ್ತಾಳೆ, ಅನ್ನಲಿ — ಮೈಕು ಎಲ್ಲಿ, ಸಿಕ್ಕಿತು, ಕಾಕಾ ಹೊರಗೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಚಪ್ಪಲಿ ಬಿಚ್ಚುತ್ತಿದ್ದಾನೆ, ಮದುವೆಯಲ್ಲಿ ಜನ ಕೇಳುವುದು ಅವನೊಬ್ಬನ ಮಾತು, ಗಂಟಲು ಇಳಿಸು, ದವಡೆಯಲ್ಲಿ ಎಲೆಯಡಿಕೆ ಇದೆ ಅಂದುಕೋ, ಹಾಂ — ಕೇಳ್ರೆಪೋ ಕೇಳ್ರಿ, ನಾ ಮಡಿವಾಳಯ್ಯ ಮಾತಾಡ್ಲಿಕತ್ತೀನಿ, ತುಪ್ಪ ಒಳಗ ಕಲ್ಲಿನ ಮನ್ಯಾಗ ಬಡಸ್ಲಿಕತ್ತಾರ, ಇಲ್ಲಿ ಕುಂತೋರಿಗಿ ಬರೇ ಹುಗ್ಗಿ, ಮದುಮಗಳು ಮೊದ್ಲು, ಮುದುಕ್ರು ಮೊದ್ಲು, ಏಳ್ರಿ, ತುಪ್ಪ ತೀರ್ಲಿಕತ್ತದ!

ಎದ್ದರು, ತಾಟು ಹಿಡಿದುಕೊಂಡೇ ಎದ್ದರು, ದೆವ್ವಕ್ಕೆ ಏಳದವರು ತುಪ್ಪಕ್ಕೆ ಎದ್ದರು, ಸೂರ್ಯಕಾಂತ ಮಾವ ಎಲ್ಲರಿಗಿಂತ ಮುಂದೆ, ಧೋತರ ಹಿಡಿದು ಕಾಕಾನನ್ನು ನಾನೇ ಎಳೆದು ತಂದೆ, ಬಾಗಿಲು, ಅಗುಳಿ, ಕತ್ತಲೆ, ತುಪ್ಪ ಎಲ್ಲದವಾ ಎನ್ನುವಷ್ಟರಲ್ಲಿ ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಗಳೆಲ್ಲ ಒಟ್ಟಿಗೆ ನಮ್ಮ ನೆತ್ತಿಯ ಮೇಲೆ, ನಾನು ಮುಂಜಾನೆ ಊದಿದ್ದು ಇದರ ಮುಂದೆ ಪೀಪಿ, ಪತ್ರಾ ಕಿರ್ರನೆ ಕಿತ್ತುಹೋಗುವ ಸದ್ದು, ಕಲ್ಲುಗಳು ಧಡಲ್ ಧಡಲ್ ನೆಲಕ್ಕೆ, ಈಗಷ್ಟೇ ಅವರೆಲ್ಲ ಕೂತಿದ್ದ ನೆಲಕ್ಕೆ, ಅಕ್ಕನ ಬಾಸಿಂಗ ಕೆನ್ನೆಗೆ ಚುಚ್ಚುತ್ತಿದೆ, ಕೈ ಬಿಡಬ್ಯಾಡ ಭಾಗ್ಯಾ, ಬಿಡುವುದಿಲ್ಲ, ಬಿಡುವುದಿಲ್ಲ —

ಸುಮ್ಮನಾಯಿತು, ಬಾಗಿಲು ತೆರೆದರೆ ಬಿಸಿಲು, ಪೆಂಡಾಲೇ ಇಲ್ಲ, ಬೇವಿನ ಮರಕ್ಕೆ ಸೀರೆಯಂತೆ ಸುತ್ತಿಕೊಂಡ ತಗಡು, ಊಟದ ಚಾಪೆಯ ಉದ್ದಕ್ಕೂ ಕಲ್ಲು, ಕಲ್ಲಿನ ಕೆಳಗೆ ಹುಗ್ಗಿ, ಹುಗ್ಗಿಯೊಂದೇ, ಒಬ್ಬರೂ ಇಲ್ಲ, ಒಬ್ಬರೂ ಇಲ್ಲ, ಅವ್ವ ನನ್ನ ಗಂಟಲು ಮುಟ್ಟಿ ನೋಡುತ್ತಾಳೆ, ಕಾಕಾ ಮುಂದೆ ಬರುತ್ತಾನೆ, ನನ್ನ ಧ್ವನ್ಯಾಗ ಮಾತಾಡ್ದೋರು ಯಾರು, ನಾನ್ರಿ ಕಾಕಾ, ಮತ್ತೊಮ್ಮಿ ಮಾತಾಡು, ನನಗ ಕೇಳ್ಬೇಕಾಗ್ಯದ, ಕೇಳ್ರೆಪೋ ಕೇಳ್ರಿ ಎನ್ನುತ್ತೇನೆ, ಎಲ್ಲರದೂ ಚಪ್ಪಾಳೆ, ಭಾಳ ಛಲೋ ಮೋಸ ಮಾಡಿದಿ ಎಂದು ಸೂರ್ಯಕಾಂತ ಮಾವ ಖಾಲಿ ತಾಟು ಬಡಿಯುತ್ತ, ಒಂಟಿ ಚಪ್ಪಲಿಯ ಕಾಕಾ ಕುಣಿಯುತ್ತ, ಗೆದ್ದೆ, ಗೆದ್ದೆನಲ್ಲ, ಮತ್ತೆ ಕಣ್ಣೇಕೆ ಮೇಲಕ್ಕೇ ಹೋಗುತ್ತದೆ, ತೊಳೆದಿಟ್ಟಂಥ ಆಕಾಶ, ಅಲ್ಲೆಲ್ಲೋ ಅಟ್ಟೆ ತೋರಿಸುತ್ತ, ಗರಗರ ತಿರುಗುತ್ತ, ಇನ್ನೂ ಕೆಳಗೆ ಬಾರದ ಎಡಗಾಲಿನ ಚಪ್ಪಲಿ, ಚಪ್ಪಲಿ