ತಂತಿ ಕಟ್ಟಿಸಿದವರು

"ಲೇ ಮಾದಿ, ಗುಂಡಿ ಇನ್ನೂ ಆಳ ಓಗ್ಲಿ. ಸೊಂಟ ಮುರ್ದೋಗೈತಾ, ಬೋಸುಡಿ? ಆಫೀಸರ್ ಬರೋ ಒತ್ತಾಯ್ತು!"

ಬದುವಿನ ಮೇಲಿಂದ ಮುನಿಕೃಷ್ಣಪ್ಪ ಉಗಿದ ಎಲೆಯಡಿಕೆ ಮಾದಮ್ಮನ ಕಾಲ ಬಳಿ ಬಿತ್ತು. ಅವಳು ಗುದ್ದಲಿ ಎತ್ತಿದಳು. ತಮಿಳುನಾಡಿನ ಪೆನ್ನಾಗರಂ ಕಡೆಯ ಆ ಕಾಡಂಚಿನ ಹೊಲವನ್ನು ಅವನು ಆನೆಗಳ ದಾರಿಗೆಂದು ಅರಣ್ಯ ಇಲಾಖೆಗೆ ಬಿಟ್ಟುಕೊಟ್ಟಿದ್ದ. ಅಲ್ಲಿ ಅತ್ತಿ, ಆಲ, ಬಿದಿರು ನೆಡಲು ಹೆಣ್ಣಾಳುಗಳು ಗುಂಡಿ ತೋಡುತ್ತಿದ್ದರು.

ಎರಡು ವರ್ಷದ ಹಿಂದೆ ಇದೇ ಹೊಲದ ಬೇಲಿಗೆ ಅವನು ಕರೆಂಟು ಹಾಯಿಸಿದ್ದ. ಹೆಣ್ಣಾನೆಯೊಂದು ತಗುಲಿ ಸತ್ತಿತು. ಬೆಳಗಾದರೂ ಅದರ ಮರಿ ಕದಲಲಿಲ್ಲ. ತಾಯಿಯ ಬಾಯಿಗೆ ಸೊಂಡಿಲು ತುರುಕಿ ಎಳೆಯುತ್ತಿತ್ತು, ಅರಚುತ್ತಿತ್ತು. ಮುನಿಕೃಷ್ಣಪ್ಪ, ಹೊಲ ಕಾಯುತ್ತಿದ್ದ ಮಾದಮ್ಮನ ಗಂಡ ಚಿನ್ನರಾಜನನ್ನು ಕರೆದ.

"ತಂತಿ ನಾನೇ ಕಟ್ಟಿದ್ದು ಅಂತ ಏಳ್ಲಾ. ವಾರದಾಗೆ ಬಿಡಿಸ್ಕೊಂಡು ಬತ್ತೀನಿ. ನಿನ್ ಗುಡಿಸ್ಲು ನನ್ ಜಾಗ್ದಾಗೈತೆ, ನೆಪ್ಪಿರ್ಲಿ."

ಚಿನ್ನರಾಜ್ ಅರಣ್ಯ ಇಲಾಖೆಯವರಿಗೆ ಹಾಗೇ ಹೇಳಿದ. ನಾಲ್ಕನೇ ತಿಂಗಳು ಜೈಲಿನಿಂದ ಅವನ ಹೆಣ ಬಂತು.

ಅಂದಿನಿಂದ ಮಾದಮ್ಮನಿಗೆ ಆ ಮರಿಯ ಅರಚಾಟ ಬಿಡಲಿಲ್ಲ. ನೀರು ಸೇದುವಾಗ, ಬಿಸಿಲಲ್ಲಿ ಒಬ್ಬಳೇ ನಡೆಯುವಾಗ ಬೆನ್ನ ಹಿಂದೆಯೇ ಕೇಳುತ್ತಿತ್ತು. ತಿರುಗಿದರೆ ಏನೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಅದೇ ದನಿಯಲ್ಲಿ ಚಿನ್ನರಾಜ್ ಅವಳ ಹೆಸರು ಕೂಗಿದಂತಾಗುತ್ತಿತ್ತು.

ಗುದ್ದಲಿ ಗಟ್ಟಿಯಾದದ್ದಕ್ಕೆ ತಾಗಿತು. ಕೈಯಿಂದ ಮಣ್ಣು ಸರಿಸಿದಳು. ಮೂಳೆ, ಅವಳ ತೊಡೆಗಿಂತ ದಪ್ಪ.

"ಗೌಡ್ರೇ, ಆನೆ ಊತಿದ್ದು ಇಲ್ಲೇ. ಈ ಜಾಗ ಬ್ಯಾಡ."

"ಮುಚ್ಕೊಂಡು ಮಣ್ಣೆಳಿ. ಅದ್ಕೇನು ತಿಥಿ ಮಾಡ್ಬೇಕಾ?"

ಜೀಪು ಬಂತು. ಅರಣ್ಯ ಇಲಾಖೆಯ ಹೊಸ ಅಧಿಕಾರಿ ಶಶಿಕಲಾ ಇಳಿದರು, ಹಿಂದೆಯೇ ಕ್ಯಾಮೆರಾ ಹಿಡಿದ ಒಬ್ಬ. ಚೆನ್ನೈ ಕಡೆಯವರು, ಕನ್ನಡ ಬಾರದು. ಮುನಿಕೃಷ್ಣಪ್ಪ ಅತ್ತಿ ಸಸಿ ಹಿಡಿದು ತಮಿಳಿನಲ್ಲಿ ಭಾಷಣ ಮಾಡಿದ. ಆನೆ ನಮ್ಮ ದೇವರು ಎಂದ. ಕುಡುಕ ಆಳೊಬ್ಬನಿಂದ ಇಲ್ಲೊಂದು ಆನೆ ಸತ್ತಿತೆಂದು ದನಿ ನಡುಗಿಸಿದ.

"ತಂತಿ ಕಟ್ಸಿದ್ದು ಇವ್ನೇ!" ಗುಂಡಿಯೊಳಗಿಂದ ಮಾದಮ್ಮ ಕೂಗಿದಳು. "ನನ್ ಗಂಡ ಅಲ್ಲ!"

ಶಶಿಕಲಾ ಅರ್ಥವಾಗದೆ ಮುನಿಕೃಷ್ಣಪ್ಪನ ಮುಖ ನೋಡಿದರು. ಅವನು ನಗುತ್ತಾ ತಮಿಳಿನಲ್ಲಿ, ಕೆಲಸ ಕೊಟ್ಟಿದ್ದಕ್ಕೆ ನಿಮಗೆ ಕೈಮುಗೀತಿದಾಳೆ ಮೇಡಂ ಎಂದ. ಆಮೇಲೆ ಬಗ್ಗಿ ಮೆಲ್ಲಗೆ, "ಗುಡಿಸ್ಲು ಇವತ್ತೇ ಕೀಳಿಸ್ತೀನಿ, ಮುಂಡೆ" ಎಂದ.

ಮರಿ ಅರಚಿತು. ಈ ಸಲ ಮಾದಮ್ಮ ಹಿಂತಿರುಗಿ ನೋಡಲಿಲ್ಲ.

"ಕಂಬಿ ಕಟ್ಟಿನದು ಇವರ್‌ದಾನ್ ಅಮ್ಮಾ! ಎನ್ ಪುರುಷನ್ ಇಲ್ಲೆ!"

ಅದೇ ಮಾತು, ಈಗ ತಮಿಳಿನಲ್ಲಿ. ಎಲ್ಲರಿಗೂ ಅರ್ಥವಾಯಿತು. ಫೋಟೋ ತೆಗೆಯುತ್ತಿದ್ದವನ ಕೈ ಇಳಿಯಿತು.

"ಇವ್ಳಿಗೆ ತಲೆ ಕೆಟ್ಟೈತೆ! ಗುಂಡಿ ಮುಚ್ರೇ!" ಮುನಿಕೃಷ್ಣಪ್ಪ ಅರಚಿದ.

ಹೆಣ್ಣಾಳುಗಳು ಯಾರೂ ಕದಲಲಿಲ್ಲ. ಪೂಂಗೊಡಿ ಎಂಬವಳು ತನ್ನ ಬಾಂಡ್ಲಿ ಮಗುಚಿ ಅದರ ಮೇಲೆ ಕೂತುಬಿಟ್ಟಳು. ಅವನು ತಾನೇ ಚಪ್ಪಲಿಗಾಲಿನಿಂದ ಮಣ್ಣು ತಳ್ಳತೊಡಗಿದ. ಮಣ್ಣು ಮೂಳೆಯನ್ನು ಮುಚ್ಚಿ ಮಾದಮ್ಮನ ಕಣಕಾಲಿಗೆ ಬಂತು. ಅವಳು ಮೇಲೆ ಹತ್ತಲಿಲ್ಲ. ಶಶಿಕಲಾರ ಮುಖವನ್ನೇ ನೋಡುತ್ತಾ, ಬೇಲಿಗೆ ತಂತಿ ಬಿಗಿದ ದಿನದಿಂದ ಶುರುಮಾಡಿ ಒಂದೊಂದಾಗಿ ತಮಿಳಿನಲ್ಲಿ ಹೇಳತೊಡಗಿದಳು.